ಹಂದಿ ಬಂದ ಗದ್ದೆ, ನಾವು ಬಿಟ್ಟು ಬಂದ ಗದ್ದೆ

ಕಳೆದ ಅಕ್ಟೋಬರಿನ ಒಂದು ಬೆಳಿಗ್ಗೆ. ಭಾಂಡುಪ್‌ನ ನಮ್ಮ ಅಡುಗೆಮನೆಯಲ್ಲಿ ನೀರುದೋಸೆಗೆ ಅಕ್ಕಿ ರುಬ್ಬುತ್ತಿದ್ದೆ. ಊರಿನಿಂದ ಅಣ್ಣನ ಫೋನ್ ಬಂತು. ಅಷ್ಟು ಬೆಳಿಗ್ಗೆ ಊರಿನ ಫೋನ್ ಬಂದರೆ ನಮಗೆಲ್ಲ ಮೊದಲು ಎದೆ ಧಸಕ್ಕೆನ್ನುತ್ತದೆ. ಪುಣ್ಯಕ್ಕೆ ಸಾವಿನ ಸುದ್ದಿಯಲ್ಲ. ಆದರೆ ಅಣ್ಣನ ಸ್ವರ ಮಾತ್ರ ಹಾಗೆಯೇ ಇತ್ತು.

"ಈ ಸಲ ಏಣೆಲು ಇಲ್ಲ ಮಾರಾಯ್ತಿ. ನಿನ್ನೆ ರಾತ್ರಿ ಹಂದಿ ಹಿಂಡು ಬಂದು ಬಾಕಿಮಾರು ಗದ್ದೆ ಇಡೀ ಉತ್ತು ಹಾಕಿದೆ. ಹಾಲು ತುಂಬಿದ ತೆನೆ. ತಿಂದದ್ದು ಸ್ವಲ್ಪ, ಹೊರಳಾಡಿ ಹಾಳು ಮಾಡಿದ್ದೇ ಹೆಚ್ಚು. ನನಗೂ ಸಾಕಾಯಿತು. ಜಾಗಕ್ಕೆ ಒಬ್ಬರು ಕೇಳಿದ್ದಾರೆ. ನೀವು ಮುಂಬಯಿಯವರು ಮೂವರೂ ಸಹಿ ಹಾಕಿದರೆ ಕೊಟ್ಟುಬಿಡುವ."

ನಮ್ಮದು ಕಾರ್ಕಳ ತಾಲೂಕಿನಲ್ಲಿ ಘಟ್ಟದ ಬುಡದ ಹಳ್ಳಿ. ನಾಲ್ವರು ಮಕ್ಕಳಲ್ಲಿ ಅಣ್ಣ ಒಬ್ಬನೇ ಊರಲ್ಲಿ ಉಳಿದವನು. ಅಕ್ಕ ಮುಲುಂಡ್‌ನಲ್ಲಿ, ತಮ್ಮ ಡೊಂಬಿವಿಲಿಯಲ್ಲಿ, ನಾನು 1986ರಲ್ಲಿ ಮದುವೆಯಾಗಿ ಬಂದ ಮೇಲೆ ಭಾಂಡುಪ್‌ನಲ್ಲಿ. ಬಾಕಿಮಾರು ಗದ್ದೆ ಎಂದರೆ ಮನೆಯ ಎದುರಿಗಿರುವ ಗದ್ದೆ. ನಾವು ಆಡಿದ, ಬಿದ್ದ, ನೇಜಿ ನೆಟ್ಟ ಗದ್ದೆ. ಆ ಗದ್ದೆಯನ್ನು ಒಂದು ಕಾಡುಪ್ರಾಣಿಯ ಕಾರಣದಿಂದ ಮಾರುವುದೇ ಎಂದು ಅಂದು ಇಡೀ ದಿನ ಮನಸ್ಸು ಹುಳಿ ಹುಳಿಯಾಗಿತ್ತು.

ಅದೇ ವಾರ ನಮ್ಮ ಪಕ್ಕದ ಸೊಸೈಟಿಯ ಕ್ಯಾಮರಾದಲ್ಲಿ ಚಿರತೆಯೊಂದು ಗೋಡೆ ಹಾರಿದ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಭಾಂಡುಪ್‌ನವರಿಗೆ ಇದು ತೀರ ಹೊಸದಲ್ಲ. ಅಲ್ಲಿ ಹಂದಿ, ಇಲ್ಲಿ ಚಿರತೆ. ನಾನು ಊರು ಬಿಟ್ಟು ಬಂದರೂ ಕಾಡು ನನ್ನನ್ನು ಬಿಟ್ಟಿಲ್ಲ ಎನಿಸಿತು. ಮಹಿಳಾ ವಿಭಾಗದಿಂದ ಸಂಚಿಕೆಗೆ ಲೇಖನ ಕೇಳಿದಾಗ ಇದನ್ನೇ ಬರೆಯೋಣ ಎಂದುಕೊಂಡೆ. ಫೋನ್ ಮಾಡಿದ ಹಿರಿಯರೆಲ್ಲ "ಮುಂಚೆ ಹೀಗಿರಲಿಲ್ಲ" ಎನ್ನುತ್ತಾರೆ. ಮುಂಚೆ ಹೇಗಿತ್ತು? ಈ ಪ್ರಶ್ನೆ ಹಿಡಿದು ಕೆಲವು ತಿಂಗಳು ಓದಿದೆ, ಕೇಳಿದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾಯಿಗೊಂದು ಕಲ್ಲು

ಕನ್ನಡ ನಾಡಿನಲ್ಲಿ ಹಂದಿಯ ಜೊತೆಗಿನ ಹೋರಾಟಕ್ಕೆ ಸಾವಿರ ವರ್ಷಕ್ಕೂ ಹಳೆಯ ಸಾಕ್ಷಿ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ ಅದು. ಶಕವರ್ಷ 872, ಅಂದರೆ ಕ್ರಿ.ಶ. 949-50ರದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ತಕ್ಕೋಲಂ ಯುದ್ಧದಲ್ಲಿ ಚೋಳರ ವಿರುದ್ಧ ಕಾದಿದ. ಆ ಯುದ್ಧದಲ್ಲಿ ಮಣಲೇರ ಎಂಬ ವೀರ ಪರಾಕ್ರಮ ತೋರಿದ. ಮೆಚ್ಚಿದ ಬೂತುಗ "ಏನು ಬೇಕೋ ಕೇಳು" ಎಂದಾಗ ಆತ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿದ.

ಆ ಕಾಳಿಯನ್ನು ಬೆಳತೂರಿನ ಬಳಿ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ನಾಯಿ ಹಂದಿ ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಭೂಮಿ ದತ್ತಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅಲ್ಲಿನ ಪೂಜಾರಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ನಾಯಿ ಹಂದಿಯ ಮೇಲೆರಗುವ ಕೆತ್ತನೆಯಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಬೆಂಗಳೂರಿಗೆ ಹೋದವರು ಒಮ್ಮೆ ನೋಡಿ ಬನ್ನಿ.

ಇದು ಅರಸು ಮಕ್ಕಳ ಬೇಟೆ, ಇದರಲ್ಲಿ ಬೆಳೆಯ ಮಾತಿಲ್ಲ ನಿಜ. ಆದರೆ ಹಂದಿಬೇಟೆಯಲ್ಲಿ, ಹುಲಿಯ ಜೊತೆ ಸೆಣಸಿ ಮಡಿದವರಿಗೆ ನೆಟ್ಟ ವೀರಗಲ್ಲುಗಳು ಕರ್ನಾಟಕದ ಹಲವೆಡೆ ಇವೆ. ಅವುಗಳಲ್ಲಿ ಅನೇಕರು ಸಾಮಾನ್ಯ ಊರವರು. ಯುದ್ಧದಲ್ಲಿ ಸತ್ತವನಿಗೆ ಕೊಟ್ಟ ಮರ್ಯಾದೆಯನ್ನೇ ಊರನ್ನು ಪ್ರಾಣಿಯಿಂದ ಕಾಯ್ದು ಸತ್ತವನಿಗೂ ಕೊಟ್ಟರು. ಅಂದರೆ ನಮ್ಮ ಹಿರಿಯರ ಲೆಕ್ಕದಲ್ಲಿ ಅದೂ ಒಂದು ಗಡಿಯುದ್ಧವೇ.

ಕಾವಲಿನ ಹೆಣ್ಣುಮಕ್ಕಳು

ಕಲ್ಲಿನಲ್ಲಿ ಗಂಡಸರೇ ಕಾಣುತ್ತಾರೆ. ಆದರೆ ಗದ್ದೆ ಕಾಯುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದ್ದು. ನಮ್ಮ ಹಳೆಗನ್ನಡ ಕಾವ್ಯಗಳಲ್ಲಿ ಬತ್ತದ ಗದ್ದೆಗೆ ಇಳಿಯುವ ಗಿಳಿಗಳನ್ನು ಓಡಿಸುವ ಹಳ್ಳಿಯ ಹುಡುಗಿಯರ ವರ್ಣನೆ ಮತ್ತೆ ಮತ್ತೆ ಬರುತ್ತದೆ. 'ಗಿಳಿ ಸೋವುವುದು' ಎಂದೇ ಆ ಕೆಲಸಕ್ಕೆ ಹೆಸರು. ತಮಿಳಿನ ಸಂಗಂ ಕಾವ್ಯದಲ್ಲೂ ತೆನೆ ಕಾಯುವ ಹುಡುಗಿಯರು ಅಟ್ಟಣಿಗೆ ಹತ್ತಿ ಕವಣೆ ಬೀಸುತ್ತಾರೆ. ಮುರುಗನ ಮನಗೆದ್ದ ವಳ್ಳಿಯೂ ತೆನೆ ಕಾಯುವವಳೇ. ಕವಿಗಳಿಗೆ ಅದು ಶೃಂಗಾರ. ಇಡೀ ದಿನ ಬಿಸಿಲಲ್ಲಿ ಕೂಗಿ ಗಂಟಲು ಕಟ್ಟಿದವರಿಗೆ ಅದು ದುಡಿಮೆ.

ನನ್ನ ಅಜ್ಜಿ ಹೇಳುತ್ತಿದ್ದ ಕತೆ ನೆನಪಾಗುತ್ತದೆ. ಹಗಲು ಮಂಗ ಮತ್ತು ಗಿಳಿ ಓಡಿಸುವುದು ಹೆಂಗಸರು, ಮಕ್ಕಳ ಪಾಲು. ರಾತ್ರಿ ಹಂದಿ ಕಾಯುವುದು ಗಂಡಸರ ಪಾಲು. ಗದ್ದೆಯ ಅಂಚಿನಲ್ಲಿ ಮಡಲಿನ ಚಿಕ್ಕ ಗುಡಿಸಲು, ಒಂದು ತಗಡಿನ ಡಬ್ಬ, ಒಣ ಮಡಲಿನ ಸೂಟೆ, ಒಂದು ನಾಯಿ. ಈ ಗದ್ದೆಯ ಡಬ್ಬ ಬಡಿದರೆ ಆಚೆ ಗದ್ದೆಯವನು ಕೂ ಹಾಕುತ್ತಾನೆ, ಅದರಾಚೆಯವನು ಮತ್ತೆ ಕೂ. ಬೈಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವರ ಹೋಗಿ ಬರುತ್ತಿತ್ತು. ಅಜ್ಜ ಮಲೇರಿಯಾದಿಂದ ಮಲಗಿದ ವರ್ಷ ಅಜ್ಜಿಯೇ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಇಪ್ಪತ್ತು ರಾತ್ರಿ ಕಾವಲು ಕೂತಿದ್ದಳಂತೆ. "ಹಂದಿಗೆ ಗಂಡಸಿನ ಸ್ವರ, ಹೆಂಗಸಿನ ಸ್ವರ ಅಂತ ಇದೆಯಾ? ಎಚ್ಚರ ಇದ್ದಾರೆ ಅಂತ ಗೊತ್ತಾದರೆ ಸಾಕು" ಎನ್ನುತ್ತಿದ್ದಳು. ಈ ಮಾತನ್ನು ನೆನಪಿಡಿ. ಇಡೀ ಚರಿತ್ರೆಯ ಸಾರ ಅದರಲ್ಲೇ ಇದೆ ಎಂದು ನನಗೆ ಆಮೇಲೆ ತಿಳಿಯಿತು.

ಹಂದಿಯೇ ದೈವ

ತುಳುನಾಡಿನವರು ಹಂದಿಯನ್ನು ಬರೀ ಓಡಿಸಲಿಲ್ಲ, ಕೈಮುಗಿದರು ಕೂಡ. ತುಳುವಿನಲ್ಲಿ ಪಂಜಿ ಎಂದರೆ ಹಂದಿ. ಪಂಜುರ್ಲಿ ನಮ್ಮಲ್ಲಿ ಅತಿ ಹೆಚ್ಚು ಕಡೆ ನಂಬಿಕೊಂಡು ಬಂದ ದೈವಗಳಲ್ಲಿ ಒಂದು. ಪಾಡ್ದನಗಳಲ್ಲಿ ಬರುವ ಒಂದು ಕತೆಯಂತೆ ಕೈಲಾಸದಲ್ಲಿ ಪಾರ್ವತಿ ಪ್ರೀತಿಯಿಂದ ಸಾಕಿದ ಹಂದಿಮರಿ ಬೆಳೆದು ಈಶ್ವರನ ಹೂದೋಟವನ್ನೇ ಹಾಳುಮಾಡಿತು. ಸಿಟ್ಟಾದ ಈಶ್ವರ ಅದನ್ನು ಭೂಮಿಗೆ ಕಳಿಸಿದ. ಹಾಳುಮಾಡಿದ್ದೇ ಇನ್ನು ಮುಂದೆ ಜನರನ್ನೂ ಬೆಳೆಯನ್ನೂ ಕಾಯಬೇಕು ಎಂಬ ಕಟ್ಟಳೆಯೊಂದಿಗೆ ಅದು ಪಂಜುರ್ಲಿಯಾಗಿ ನೆಲೆಯಾಯಿತು. ಪಿಲಿಚಾಮುಂಡಿಯಲ್ಲಿ ಹುಲಿಯಿದೆ, ಮೈಸಂದಾಯದಲ್ಲಿ ಕೋಣವಿದೆ. ಯಾವುದರಿಂದ ಭಯವಿತ್ತೋ, ಯಾವುದರಿಂದ ಬದುಕಿತ್ತೋ ಅದಕ್ಕೆಲ್ಲ ಮನೆಯಲ್ಲೊಂದು ಮಂಚ, ವರ್ಷಕ್ಕೊಂದು ತಂಬಿಲ ಅಥವಾ ಕೋಲ.

ಹಾಗೆಂದು ಹಂದಿ ಕೊಲ್ಲುತ್ತಿರಲಿಲ್ಲ ಎಂದಲ್ಲ. ಮಕರ ತಿಂಗಳ ಕೊನೆಗೆ ಬರುವ ಕೆಡ್ಡಸ ನಿಮಗೆಲ್ಲ ಗೊತ್ತು. ಭೂಮಿತಾಯಿ ಮುಟ್ಟಾಗುವ ಮೂರು ದಿನ. ಆ ದಿನಗಳಲ್ಲಿ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ. ಕೊನೆಗೆ ಮನೆಯ ಹೆಂಗಸರು ಭೂಮಿಗೆ ಎಣ್ಣೆ ಬಿಡುತ್ತಾರೆ. ಅದೇ ಕೆಡ್ಡಸದಲ್ಲಿ ಗಂಡಸರು ಊರೊಟ್ಟಿಗೆ ಬೇಟೆಗೆ ಹೋಗುತ್ತಿದ್ದರು. ನೆಲಕ್ಕೆ ವಿಶ್ರಾಂತಿ, ಕಾಡಿನ ಪ್ರಾಣಿಗೆ ಬೇಟೆ. ಕೋಲವೂ ಇತ್ತು, ಕೋವಿಯೂ ಇತ್ತು. ಇದರಲ್ಲಿ ನಮ್ಮ ಹಿರಿಯರಿಗೆ ವಿರೋಧ ಕಾಣಲಿಲ್ಲ. ಪ್ರಾಣಿಗೆ ಅದರ ಜಾಗವಿದೆ, ಗೆರೆ ದಾಟಿದರೆ ನಮಗೆ ನಮ್ಮ ಹಕ್ಕಿದೆ, ಇಷ್ಟೇ ಅವರ ಕಾನೂನು.

ಆನೆ ಅರಸನದು, ಹೊಲ ರೈತನದು

ಆನೆಯ ವಿಷಯದಲ್ಲಿ ಮಾತ್ರ ರೈತನ ಕಾನೂನು ನಡೆಯಲಿಲ್ಲ. ಯಾಕೆಂದರೆ ಆನೆ ದೊರೆಗೆ ಬೇಕಾದ ಪ್ರಾಣಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಆನೆಗಳಿಗಾಗಿ ಪ್ರತ್ಯೇಕ ಕಾಡು, ಆನೆ ಕೊಂದವನಿಗೆ ಮರಣದಂಡನೆ ಎಂದಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಆನೆ ಸಿಗುವ ಕಾಡುಗಳು, ಹಿಡಿಯುವ ವಿಧಾನಗಳು ವಿವರವಾಗಿ ಬಂದಿವೆ. ಅಲ್ಲಿ ಆನೆ ಸೇನೆಯ ಬಲ. ಅದೇ ಆನೆ ಕಾಡಂಚಿನ ರಾಗಿ ಹೊಲಕ್ಕೆ ನುಗ್ಗಿದಾಗ ರೈತನ ಗತಿ ಏನು ಎಂಬುದು ಅರಮನೆಯ ಪುಸ್ತಕಗಳ ಚಿಂತೆಯಾಗಿರಲಿಲ್ಲ.

ಮೈಸೂರಿನ ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಂಡು ಹಿಡಿಯಲು ಹೋಗಿ ಸೋತನಂತೆ. ಇನ್ನು ಯಾರೂ ಇಲ್ಲಿ ಗೆಲ್ಲುವುದಿಲ್ಲ, ಯತ್ನಿಸಿದವರಿಗೆ ಶಾಪ ಎಂದು ಕಲ್ಲಿನಲ್ಲಿ ಬರೆಸಿದ್ದನಂತೆ. ಹೀಗೆಂದು ಬರೆದಿಟ್ಟವನು ಜಾರ್ಜ್ ಸ್ಯಾಂಡರ್ಸನ್. ಮೈಸೂರು ಸರ್ಕಾರದಲ್ಲಿ ನೀರಾವರಿ ಕಾಲುವೆಗಳ ಕೆಲಸ ನೋಡುತ್ತಿದ್ದ ಈ ಇಂಗ್ಲಿಷ್ ಅಧಿಕಾರಿ 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ಮಾಡಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಒಂದೇ ಸಲ ಹಿಡಿದ. ಆಮೇಲೆ ಕಾಕನಕೋಟೆಯ ಖೆಡ್ಡಾ ಜಗತ್ಪ್ರಸಿದ್ಧವಾಯಿತು. ವೈಸ್‌ರಾಯ್‌ಗಳು, ವಿದೇಶದ ರಾಜಕುಮಾರರು ನೋಡಲು ಬಂದರು. ಕಾಡುಕುರುಬರು ಪ್ರಾಣದ ಹಂಗು ಬಿಟ್ಟು ಆನೆಗಳನ್ನು ಅಟ್ಟಿದರು.

ಸ್ಯಾಂಡರ್ಸನ್ ಕಾಲದಲ್ಲೇ ಇನ್ನೊಂದು ಬದಲಾವಣೆ ನಡೆಯಿತು. ಅದಕ್ಕೂ ಮೊದಲು ಮದರಾಸು ಸರ್ಕಾರ ಆನೆ ಕೊಂದವರಿಗೆ ಇನಾಮು ಕೊಡುತ್ತಿತ್ತು. 1873ರಲ್ಲಿ ಅದೇ ಸರ್ಕಾರ ಕಾಡಾನೆ ರಕ್ಷಣೆಯ ಕಾಯ್ದೆ ಮಾಡಿತು. 1879ರಲ್ಲಿ ಬ್ರಿಟಿಷ್ ಭಾರತಕ್ಕೆ ಆನೆ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ ಒಂದು ಸಾಲು ನಮ್ಮ ವಿಷಯಕ್ಕೆ ಮುಖ್ಯ. ಆತ್ಮರಕ್ಷಣೆಗೆ ಮಾತ್ರವಲ್ಲ, ಮನೆಗೆ ಅಥವಾ ಬೆಳೆಗೆ ಹಾನಿ ಮಾಡುತ್ತಿರುವಾಗಲೂ ಆನೆಯನ್ನು ಕೊಂದರೆ ತಪ್ಪಲ್ಲ ಎಂದು ಕಾಯ್ದೆ ಹೇಳಿತು. ಕಾಗದದ ಮೇಲಾದರೂ ರೈತನ ನೋವಿಗೆ ಒಂದು ಜಾಗ ಸಿಕ್ಕಿತು. ಆದರೆ ಆನೆ ಹೊಡೆಯುವ ಕೋವಿ ಎಷ್ಟು ರೈತರ ಕೈಯಲ್ಲಿತ್ತು?

ಹುಲಿಗೆ ಇನಾಮು, ಹಂದಿಗೆ ಹಬ್ಬ

ಆನೆಗೆ ರಕ್ಷಣೆ ಸಿಕ್ಕ ಕಾಲದಲ್ಲೇ ಹುಲಿ, ಚಿರತೆ, ತೋಳಗಳ ತಲೆಗೆ ಸರ್ಕಾರ ಬೆಲೆ ಕಟ್ಟಿತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, 2,00,000 ತೋಳಗಳು ಸತ್ತವು. ಜನ, ಜಾನುವಾರು ಉಳಿಯಲಿ, ಹೊಸ ಭೂಮಿ ಸಾಗುವಳಿಗೆ ಬರಲಿ ಎಂಬುದು ಸರ್ಕಾರದ ಯೋಚನೆ. ಸಾಗುವಳಿ ಹೆಚ್ಚಿದರೆ ಕಂದಾಯ ಹೆಚ್ಚು.

ಆದರೆ ಹುಲಿ ತಿನ್ನುವುದು ಏನನ್ನು? ಕಾಡುಹಂದಿ, ಜಿಂಕೆ, ಕಡವೆಗಳನ್ನು. ಇವೇ ಬೆಳೆ ತಿನ್ನುವ ಪ್ರಾಣಿಗಳು. ಬೇಟೆಗಾರನಾಗಿದ್ದ ಸ್ಯಾಂಡರ್ಸನ್ನೇ 1878ರ ತನ್ನ ಪುಸ್ತಕದಲ್ಲಿ ಕಾಡುಪ್ರಾಣಿ ತಿಂದು ಬದುಕುವ ಹುಲಿ ರೈತನಿಗೆ ಉಪಕಾರಿ, ಹುಲಿಯನ್ನು ಪೂರ್ತಿ ನಿರ್ನಾಮ ಮಾಡಬಾರದು ಎಂದು ವಾದಿಸಿದ. ಯಾರು ಕೇಳಿದರು? ನಮ್ಮ ಪಿಲಿಚಾಮುಂಡಿ ಮತ್ತು ಪಂಜುರ್ಲಿ ಒಂದೇ ಅಂಗಳದಲ್ಲಿ ನೆಲೆಯಾಗಿರುವುದರ ಅರ್ಥ ಇದೂ ಇರಬಹುದೇ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಹುಲಿ ಹೋದ ಕಾಡಿನಲ್ಲಿ ಹಂದಿಗೆ ಹಬ್ಬ.

ಮಾವನ ಕೋವಿ

1878ರ ಶಸ್ತ್ರ ಕಾಯ್ದೆಯಿಂದ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕಾಯಿತು. ಕೊಡಗಿನವರಿಗೆ ಮಾತ್ರ ವಿಶೇಷ ವಿನಾಯಿತಿ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಇಂದಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಬಹುದು. 2019ರಲ್ಲಿ ಕೇಂದ್ರ ಸರ್ಕಾರ ಈ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. ಅವರ ಹಬ್ಬಗಳಲ್ಲೇ ಇದರ ಮೂಲ ಕಾಣುತ್ತದೆ. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಪೂಜೆ. ಇನ್ನು ಬೆಳೆ ಕಾಯುವ ಕಾಲ ಎಂದು ಅರ್ಥ. ಪುತ್ತರಿಯಲ್ಲಿ ಕೋವಿಯ ಸದ್ದಿನೊಂದಿಗೆ ಮೊದಲ ತೆನೆ ಕೊಯ್ಯುತ್ತಾರೆ. ಕಾದದ್ದು ಕೈಸೇರಿತು ಎಂದು ಅರ್ಥ.

ನಮ್ಮ ಕರಾವಳಿಯಲ್ಲಿ ಬೆಳೆರಕ್ಷಣೆಗೆ ಎಂದು ಪರವಾನಗಿ ಪಡೆದ ಕೋವಿಗಳಿವೆ. ನನ್ನ ಸೋದರಮಾವನಲ್ಲಿ ಹಳೆಯದೊಂದು ಕೇಪಿನ ಕೋವಿ ಇತ್ತು. ಅದರಿಂದ ಹಂದಿ ಸತ್ತದ್ದಕ್ಕಿಂತ ಸದ್ದಿಗೆ ಓಡಿದ್ದೇ ಹೆಚ್ಚು. ಚುನಾವಣೆ ಘೋಷಣೆಯಾದ ಕೂಡಲೇ ಅದನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ಫಲಿತಾಂಶ ಬಂದ ಮೇಲೆ ತರಬೇಕು. ಶಾಂತಿಯಿಂದ ಮತದಾನ ನಡೆಯಲಿ ಎಂಬ ನಿಯಮ ಸರಿಯೇ. ಆದರೆ ಹಂದಿಗೆ, ಮಂಗನಿಗೆ ನೀತಿಸಂಹಿತೆ ಇಲ್ಲವಲ್ಲ. ಒಂದು ವರ್ಷ ಕೋವಿ ಠಾಣೆಯಲ್ಲಿದ್ದ ವಾರಗಳಲ್ಲೇ ಕೊಳಕೆ ಗದ್ದೆ, ಬಾಳೆ ತೋಟ ಎರಡೂ ಹೋದವು. "ಓಟು ಹಾಕಿದ್ದಕ್ಕೆ ಸಿಕ್ಕಿದ ಫಲ" ಎಂದು ಮಾವ ನಗುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಪರವಾನಗಿ ನವೀಕರಣಕ್ಕೆ ಅಲೆಯಲಾರದೆ ಕೋವಿಯನ್ನೇ ಒಪ್ಪಿಸಿಬಿಟ್ಟರು. ಆ ದಿನ ಮಾವ ಊಟ ಮಾಡಲಿಲ್ಲ ಎಂದು ಅತ್ತೆ ಹೇಳಿದ್ದರು.

1972ರ ನಂತರ

1971ರಲ್ಲಿ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆಯಿತು. ಕಬಿನಿ ಅಣೆಕಟ್ಟಿನ ನೀರಿನಲ್ಲಿ ಖೆಡ್ಡಾದ ಜಾಗವೇ ಮುಳುಗಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1977ರಲ್ಲಿ ಆನೆ ಅದರ ಮೊದಲ ಪಟ್ಟಿಗೆ ಸೇರಿತು. ಈ ಕಾಯ್ದೆ ಬರದಿದ್ದರೆ ಇಂದು ನಮ್ಮ ಮೊಮ್ಮಕ್ಕಳು ಹುಲಿಯನ್ನು ಪುಸ್ತಕದಲ್ಲಷ್ಟೇ ನೋಡಬೇಕಿತ್ತು. ಅದನ್ನು ಒಪ್ಪಲೇಬೇಕು. ಆದರೆ ಅದರೊಂದಿಗೆ ರೈತನ ಹಳೆಯ ಕಾನೂನು, ಗೆರೆ ದಾಟಿದರೆ ನಮ್ಮ ಹಕ್ಕು ಎಂಬುದು, ಮುಗಿಯಿತು. ಬದಲಿಗೆ ಬಂದದ್ದು ಅರ್ಜಿ, ಮಹಜರು, ಪರಿಹಾರ.

ಹಾನಿ ಯಾಕೆ ಆಗುತ್ತದೆ ಎಂದು ಅಧ್ಯಯನ ಮಾಡಿದವರೂ ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ 1980ರ ದಶಕದಲ್ಲಿ ಚಾಮರಾಜನಗರ ಕಡೆಯ ಕಾಡುಗಳಲ್ಲಿ ಆನೆಗಳ ಹಿಂದೆ ಅಲೆದರು. ಹೊಲಕ್ಕೆ ಹೆಚ್ಚಾಗಿ ನುಗ್ಗುವುದು ಒಂಟಿ ಗಂಡಾನೆಗಳು, ಮರಿ ಇರುವ ಹೆಣ್ಣಾನೆಗಳ ಹಿಂಡು ಅಷ್ಟು ಧೈರ್ಯ ಮಾಡುವುದಿಲ್ಲ ಎಂದು ತೋರಿಸಿದರು. ಕಾಡಿನ ಹುಲ್ಲಿಗಿಂತ ರಾಗಿ, ಬತ್ತದಲ್ಲಿ ಸತ್ವ ಹೆಚ್ಚು ಎಂಬುದು ಆನೆಗೂ ಗೊತ್ತು. ಹಾಸನದ ಆಲೂರು, ಸಕಲೇಶಪುರ ಭಾಗದ ಆನೆ ಸಮಸ್ಯೆ ಹೈಕೋರ್ಟ್ ಮೆಟ್ಟಿಲೇರಿತು. ಸುಕುಮಾರ್ ಅವರ ನೇತೃತ್ವದ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆನೆಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ಬೇಲಿ ಎಲ್ಲವೂ ಬಂದಿವೆ. ಆನೆಯೂ ಬರುತ್ತಲೇ ಇದೆ.

ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಂಗನ ಕಾಟ. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ತಿರುಗಾಡಿಸಿದ ಸುದ್ದಿ ಓದಿ ನಾವೆಲ್ಲ ನಕ್ಕಿದ್ದೆವು. ಆತಕೂರಿನ ಕಾಳಿ ನೆನಪಾಗಿ ನನಗೆ ನಗು ಅರ್ಧಕ್ಕೇ ನಿಂತಿತು. ಸಾವಿರ ವರ್ಷದ ನಂತರವೂ ರೈತನ ಬಳಿ ಉಳಿದದ್ದು ಒಂದು ನಾಯಿ.

ಬೇರೆ ರಾಜ್ಯಗಳವರು ಕೊಲ್ಲುವ ದಾರಿಯನ್ನೂ ನೋಡಿದ್ದಾರೆ. ಬಿಹಾರ, ಉತ್ತರಾಖಂಡಗಳ ಕೆಲವು ಭಾಗಗಳಲ್ಲಿ ಕಾಡುಹಂದಿಯನ್ನು, ಹಿಮಾಚಲದ ಕೆಲವು ಭಾಗಗಳಲ್ಲಿ ಮಂಗವನ್ನು ಕೇಂದ್ರ ಸರ್ಕಾರ ಕೆಲಕಾಲ ಪೀಡಕ ಪ್ರಾಣಿ ಎಂದು ಸಾರಿತ್ತು. ಕೇರಳ 2022ರಲ್ಲಿ ಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತಿಗಳಿಗೇ ಕೊಟ್ಟಿತು. ಕಾಸರಗೋಡಿನ ನಮ್ಮ ಕನ್ನಡಿಗ ಕೃಷಿಕರಿಗೂ ಅದು ಅನ್ವಯ. ಆದರೆ ಪರವಾನಗಿ ಇದ್ದರೂ ರಾತ್ರಿ ಗುಡ್ಡ ಹತ್ತುವ ಯುವಕರು ಬೇಕಲ್ಲ? ಇಲ್ಲಿಗೆ ಬಂದಾಗ ನನ್ನ ಓದು ನನ್ನ ಮನೆಯ ಬಾಗಿಲಿಗೇ ಬಂದು ನಿಂತಿತು.

ನಾವು ಬಿಟ್ಟು ಬಂದ ಜಾಗ

ಅಜ್ಜಿ ಹೇಳಿದ ಬೈಲಿನ ಕೂಗು ಈಗ ಯಾಕಿಲ್ಲ? ಆ ಗದ್ದೆಗಳ ಮಕ್ಕಳೆಲ್ಲ ಎಲ್ಲಿದ್ದಾರೆ? ಭಾಂಡುಪ್‌ನಲ್ಲಿ, ಘಾಟ್ಕೋಪರ್‌ನಲ್ಲಿ, ಠಾಣೆಯಲ್ಲಿ, ದುಬೈಯಲ್ಲಿ. ಮೊದಲು ಹೋಟೆಲ್ ಕೆಲಸಕ್ಕೆ, ರಾತ್ರಿಶಾಲೆಗೆ ಬಂದ ಅಣ್ಣಂದಿರು, ಆಮೇಲೆ ಬ್ಯಾಂಕಿಗೆ, ಕಂಪೆನಿಗೆ ಬಂದವರು, ಅವರನ್ನು ಮದುವೆಯಾಗಿ ಬಂದ ನನ್ನಂಥವರು. ನಾವು ಬಂದದ್ದು ತಪ್ಪಲ್ಲ. ಹೊಟ್ಟೆಪಾಡು. ನಾವು ಕಳಿಸಿದ ಮನಿಯಾರ್ಡರಿನಿಂದಲೇ ಎಷ್ಟೋ ಮನೆಗಳ ಮಾಡಿಗೆ ಹೆಂಚು ಬಂತು. ಆದರೆ ಒಂದೊಂದೇ ಗದ್ದೆ ಹಡಿಲು ಬಿತ್ತು. ಹಡಿಲು ಗದ್ದೆಯಲ್ಲಿ ಪೊದೆ, ಲಂಟಾನ ಬೆಳೆಯಿತು. ಮೊದಲು ಹಂದಿ ಗುಡ್ಡದಿಂದ ಇಳಿದು ಬಂದು ಬೆಳಗಾಗುವ ಮೊದಲು ವಾಪಸು ಹೋಗಬೇಕಿತ್ತು. ಈಗ ಪಕ್ಕದ ಹಡಿಲು ಗದ್ದೆಯೇ ಅದರ ಮನೆ. ಒಂದೇ ಸಲಕ್ಕೆ ನಾಲ್ಕಾರು ಮರಿ ಹಾಕುವ ಪ್ರಾಣಿ. ಅಣ್ಣನ ಗದ್ದೆಯ ಸುತ್ತ ಈಗ ಐದು ಮನೆಗಳ ಗದ್ದೆ ಹಡಿಲು. ಐದೂ ಮನೆಯವರು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಅದರಲ್ಲಿ ಇಬ್ಬರು ನಮ್ಮ ಸಂಘದ ಕಾರ್ಯಕ್ರಮಗಳಿಗೆ ತಪ್ಪದೆ ಬರುವವರು.

ಹಂದಿಯನ್ನು ಗದ್ದೆಗೆ ಕರೆದವರು ನಾವು ಎಂದು ಹೇಳಿದರೆ ಕಟುವಾದೀತು. ಆದರೆ ಎದ್ದು ಹೋದವರ ಜಾಗದಲ್ಲೇ ಅದು ಕೂತಿದೆ ಎಂಬುದು ಸುಳ್ಳಲ್ಲ.

ನಾವು ಬಂದು ನೆಲೆಸಿದ ಭಾಂಡುಪ್ ಕೂಡ ಹಿಂದೊಮ್ಮೆ ಗದ್ದೆ, ಕಾಡುಗಳ ಊರೇ. 1843ರಲ್ಲಿ ಇಲ್ಲಿಗೆ ಬಂದಿದ್ದ ಜಾರ್ಜ್ ಕ್ಲಾರ್ಕ್ ಎಂಬ ಎಂಜಿನಿಯರನಿಗೆ ಮುಂಬಯಿ-ಠಾಣೆ ರೈಲಿನ ಯೋಚನೆ ಹೊಳೆಯಿತು ಎನ್ನುತ್ತಾರೆ. 1853ರ ಏಪ್ರಿಲ್ 16ರಂದು ಆ ರೈಲು ಓಡಿತು. 1860ರ ಹೊತ್ತಿಗೆ ವಿಹಾರ್ ಕೆರೆಯಾಯಿತು. ಅದರ ಬಳಿ 1929ರಲ್ಲಿ ಹುಲಿಯೊಂದನ್ನು ಹೊಡೆದ ದಾಖಲೆಯಿದೆ. ರೈಲಿನ ಬೆನ್ನಿಗೆ ಕಾರ್ಖಾನೆ, ಚಾಲ್, ಟವರ್. ಉಳಿದ ಕಾಡು ಇಂದಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಸುಮಾರು 104 ಚದರ ಕಿಲೋಮೀಟರ್. ಅಲ್ಲಿನ ವಾರ್ಲಿ ಜನ ಇಂದಿಗೂ ವಾಘೋಬಾ ಎಂದು ಹುಲಿ-ಚಿರತೆಯ ದೇವರಿಗೆ ಕೈಮುಗಿಯುತ್ತಾರೆ. ಮೊದಲ ಸಲ ಆ ಕಲ್ಲನ್ನು ಕಂಡಾಗ ನನಗೆ ನಮ್ಮ ಪಿಲಿಚಾಮುಂಡಿಯ ಗುಡಿಯೇ ಎದುರಾದಂತಾಯಿತು.

2004ರಲ್ಲಿ ಈ ಉದ್ಯಾನದ ಸುತ್ತ ಚಿರತೆ ದಾಳಿಯಿಂದ ಅನೇಕರು ಸತ್ತದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸಂಜೆಯಾದರೆ ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲ. ಮೊದಲ ಉಪಾಯ ಬೋನು. ಹಿಡಿಯುವುದು, ಬೇರೆಡೆ ಬಿಡುವುದು. ಆದರೆ ಪುಣೆ ಜಿಲ್ಲೆಯ ಜುನ್ನರ್‌ನ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳನ್ನು ಅಧ್ಯಯನ ಮಾಡಿದ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಕಂಡದ್ದು ಬೇರೆ. ಹಿಡಿದು ಬೇರೆ ಕಡೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಾಗಿತ್ತು. ಗುರುತಿಲ್ಲದ ಜಾಗಕ್ಕೆ ತಂದುಬಿಟ್ಟ ಪ್ರಾಣಿ ಗಾಬರಿಯ ಪ್ರಾಣಿ. ಆಮೇಲೆ ಮುಂಬಯಿಯಲ್ಲೂ ದಾರಿ ಬದಲಾಯಿತು. ಕಸ ತೆಗೆಯಿರಿ, ಕಸಕ್ಕೆ ಬರುವ ಬೀದಿನಾಯಿ ಕಡಿಮೆಯಾದರೆ ಚಿರತೆಯೂ ಕಡಿಮೆ. ದೀಪ ಹಾಕಿ, ಮಕ್ಕಳು ಗುಂಪಿನಲ್ಲಿ ಓಡಾಡಲಿ. ಅಂದರೆ ಎಚ್ಚರ ಇದ್ದೇವೆ ಎಂದು ಪ್ರಾಣಿಗೆ ತಿಳಿಸುವುದು. ಅಜ್ಜಿಯ ಮಾತೇ.

ಸಹಿಯ ಮಾತು

ಇಷ್ಟೆಲ್ಲ ಓದಿದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಸೋಲಾರ್ ಬೇಲಿಯ ಮಾತೆತ್ತಿದೆ. ಅದರಲ್ಲಿ ಬ್ಯಾಟರಿಯಿಂದ ಕ್ಷಣಕ್ಕೊಮ್ಮೆ ಜೋರಾದ, ಆದರೆ ಕೊಲ್ಲದ ಒಂದು ಹೊಡೆತ ತಂತಿಗೆ ಬರುತ್ತದೆ. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಅಪರಾಧ. ಅದರಿಂದ ಆನೆಗಳೂ ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. "ನನ್ನ ಗದ್ದೆಗೆ ಮಾತ್ರ ಬೇಲಿ ಹಾಕಿದರೆ ಹಂದಿ ಆಚೆಮನೆ ಅಕ್ಕನ ಗದ್ದೆಗೆ ಹೋಗ್ತದೆ. ಅವಳಿಗೆ ಯಾರಿದ್ದಾರೆ? ಹಾಕುವುದಾದರೆ ಇಡೀ ಬೈಲಿಗೆ ಹಾಕಬೇಕು. ತಂತಿಗೆ ಹುಲ್ಲು ತಾಗದ ಹಾಗೆ ವಾರ ವಾರ ಸವರಬೇಕು. ದುಡ್ಡು ನೀವು ಕಳಿಸಿಯೀರಿ. ಸವರುವವರು ಯಾರು?"

ಅವನು ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ನಾವು ಮೂವರು ಒಂದು ಭಾನುವಾರ ನಮ್ಮ ಮನೆಯಲ್ಲಿ ಸೇರಿದೆವು. ತಮ್ಮನಿಗೆ ಮಾರುವುದೇ ಸರಿ ಎಂದಿತ್ತು. ಮಗಳ ಓದಿಗೆ ಅವನಿಗೆ ಹಣ ಬೇಕು. ಅವನನ್ನು ತಪ್ಪೆನ್ನಲಾರೆ. ಅಕ್ಕ ಅತ್ತಳು. ಕೊನೆಗೆ ಮೂರು ಬೆಳೆ ನೋಡೋಣ, ಆಮೇಲೆ ಸಹಿಯ ಮಾತು ಎಂದು ಒಪ್ಪಿದೆವು. ಬೇಲಿಯ ಖರ್ಚು ನಾಲ್ಕು ಪಾಲು. ಹಡಿಲು ಬಿಟ್ಟ ಐದು ಮನೆಯವರಿಗೂ ಫೋನ್ ಮಾಡಿದೆ. ಮೂವರು ಸೇರುತ್ತೇನೆಂದರು. ಒಬ್ಬರು "ನೋಡುವ" ಎಂದರು. ಒಬ್ಬರು ಫೋನ್ ಎತ್ತಲಿಲ್ಲ. ಸಂಘದಲ್ಲಿ ಸಿಗುತ್ತಾರೆ, ಬಿಡುವುದಿಲ್ಲ!

ಇದರಿಂದ ಹಂದಿ ನಿಲ್ಲುತ್ತದೆ ಎಂದು ನಾನು ಹೇಳಲಾರೆ. ಸಾವಿರ ವರ್ಷದಿಂದ ನಿಂತಿಲ್ಲ. ನಿಂತದ್ದು ಬೈಲಿನ ಕೂಗು. ಮುಂದಿನ ಏಣೆಲು ಹಾಲು ತುಂಬುವ ಹೊತ್ತಿಗೆ ಅಕ್ಕ ಮತ್ತು ನಾನು ಒಂದು ತಿಂಗಳು ಊರಿಗೆ ಹೋಗುತ್ತೇವೆ. ನಮ್ಮ ವಯಸ್ಸಿನಲ್ಲಿ ಕತ್ತಿ ಹಿಡಿದು ಬೇಲಿ ಸವರಲು ಆಗುತ್ತದೋ ಇಲ್ಲವೋ, ಡಬ್ಬ ಬಡಿಯಲಂತೂ ಆಗುತ್ತದೆ.

ನಿಮ್ಮ ಊರಿನ ಮನೆಯ ಎದುರಿನ ಗದ್ದೆ ಈಗ ಹೇಗಿದೆ? ಇಂದು ಸಂಜೆ ಒಮ್ಮೆ ಫೋನ್ ಮಾಡಿ ಕೇಳಿ.